ವಿಯೆಟ್ನಾಂ ಮೆಣಸು, ಕೊಡಗಿನ ಕಾಫಿ ಮತ್ತು ಮೂಲದ ಕಾಗದ

ವಿಯೆಟ್ನಾಂನಿಂದ ನೇರವಾಗಿ ಭಾರತಕ್ಕೆ ಬರುವ ಕಾಳುಮೆಣಸಿಗೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದ ಪ್ರಕಾರ ಶೇ 50ರಷ್ಟು ಆಮದು ಸುಂಕವಿದೆ. ಅದೇ ಮೆಣಸು ‘ಶ್ರೀಲಂಕಾದಲ್ಲಿ ಬೆಳೆದದ್ದು’ ಎಂಬ ಪ್ರಮಾಣಪತ್ರ ಹೊತ್ತು ಬಂದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ ಶೇ 8 ಮಾತ್ರ. ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಯಾವ ರಿಯಾಯಿತಿಯೂ ಇಲ್ಲದ ದೇಶದ್ದಾದರೆ ಶೇ 70. ಕಾಳು ಒಂದೇ, ಬಾಗಿಲು ನಾಲ್ಕು. ಕೊಡಗಿನ ಗೋಣಿಕೊಪ್ಪದಲ್ಲೋ ಸಿದ್ದಾಪುರದಲ್ಲೋ ಮೆಣಸಿನ ದರ ಕುಸಿದಾಗಲೆಲ್ಲ ‘ಕೇಂದ್ರ ಸುಂಕ ಏರಿಸಲಿ’ ಎಂಬ ಮನವಿ ಹೊರಡುತ್ತದೆ. ಶೇ 70ರ ಸುಂಕವನ್ನು ಶೇ 100 ಮಾಡಿದರೂ ಶೇ 8ರ ಬಾಗಿಲಿನಿಂದ ಬರುವ ಮಾಲಿಗೆ ಏನೂ ಆಗುವುದಿಲ್ಲ ಎಂಬುದು ಆ ಮನವಿಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಇಂದಿನ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸುಂಕದ ದರಕ್ಕಿಂತ ದೊಡ್ಡ ಪ್ರಶ್ನೆ ಮಾಲು ಎಲ್ಲಿಯದು ಎಂಬುದು, ಅದನ್ನು ಯಾರು ಹೇಗೆ ರುಜುವಾತು ಮಾಡುತ್ತಾರೆ ಎಂಬುದು. ಮೆಣಸಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಕೊಡಗಿನ ಬೆಳೆಗಾರರು ಶ್ರೀಲಂಕಾಕ್ಕೆ ಕೇಳುತ್ತ ಬಂದಿದ್ದಾರೆ. ಕಾಫಿಯ ವಿಷಯದಲ್ಲಿ ಯುರೋಪು ಈಗ ಅದೇ ಪ್ರಶ್ನೆಯನ್ನು ಕೊಡಗಿಗೆ ಕೇಳುತ್ತಿದೆ.

ದರ ನಿಗದಿಯಾಗುವುದು ಎಲ್ಲಿ?

ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, 23 ದೇಶಗಳು ಸೇರಿ ಸುಂಕ ಮತ್ತು ವ್ಯಾಪಾರಕ್ಕೆ ಸಂಬಂಧಿಸಿದ ಗ್ಯಾಟ್ ಒಪ್ಪಂದ ಮಾಡಿಕೊಂಡವು. ಭಾರತ ಆ 23ರಲ್ಲಿ ಒಂದು. 1994ರ ಏಪ್ರಿಲ್‌ನಲ್ಲಿ ಮರಕ್ಕೇಶ್‌ನಲ್ಲಿ ಸಹಿಯಾದ ಒಪ್ಪಂದದ ಮೇರೆಗೆ 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಜಿನೀವಾದಲ್ಲಿರುವ ಈ ಸಂಸ್ಥೆಗೆ ಈಗ 166 ಸದಸ್ಯರು. ಅದರ ನಿಯಮಗಳಲ್ಲಿ ನಮಗೆ ಬೇಕಾದವು ಮೂರು. ಒಂದು ಸದಸ್ಯ ದೇಶಕ್ಕೆ ಕೊಟ್ಟ ಸುಂಕದ ಸವಲತ್ತನ್ನು ಎಲ್ಲ ಸದಸ್ಯರಿಗೂ ಕೊಡಬೇಕು. ಪ್ರತಿ ಸರಕಿಗೂ ‘ಇದಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲ’ ಎಂದು ಬರೆದುಕೊಟ್ಟ ಗರಿಷ್ಠ ಮಿತಿಯನ್ನು ಮೀರಬಾರದು. ಸುಂಕ ಹಾಕಬಹುದು, ಆದರೆ ಆಮದನ್ನೇ ನಿಷೇಧಿಸುವುದು ಅಥವಾ ಪ್ರಮಾಣಕ್ಕೆ ಕತ್ತರಿ ಹಾಕುವುದು ಸಾಮಾನ್ಯವಾಗಿ ಸಲ್ಲದು.

ಎರಡನೆಯ ನಿಯಮದ ಮಟ್ಟಿಗೆ ಭಾರತಕ್ಕೆ ಸಾಕಷ್ಟು ಜಾಗವಿದೆ. ಕೃಷಿಯ ಕಚ್ಚಾ ಸರಕುಗಳಿಗೆ ಸಾಮಾನ್ಯವಾಗಿ ಶೇ 100, ಸಂಸ್ಕರಿಸಿದವಕ್ಕೆ ಶೇ 150, ಖಾದ್ಯತೈಲಕ್ಕೆ ಶೇ 300ರವರೆಗೆ ಗರಿಷ್ಠ ಮಿತಿಯನ್ನು ನಮ್ಮ ದೇಶ ಬರೆದುಕೊಟ್ಟಿದೆ. ಆದ್ದರಿಂದ ‘ವಿಶ್ವ ವ್ಯಾಪಾರ ಸಂಸ್ಥೆಯಿಂದಾಗಿ ಕೈಕಟ್ಟಿದೆ’ ಎಂಬ ಮಾತು ಕಾಫಿ, ಮೆಣಸಿನ ಮಟ್ಟಿಗೆ ಪೂರ್ತಿ ಸರಿಯಲ್ಲ. ಕೈ ಕಟ್ಟಿರುವುದು ಹೆಚ್ಚಾಗಿ ಮೊದಲ ನಿಯಮಕ್ಕಿರುವ ವಿನಾಯಿತಿಯಿಂದ. ಕೆಲವೇ ದೇಶಗಳು ಸೇರಿ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ತಮ್ಮೊಳಗೆ ಕಡಿಮೆ ಸುಂಕ ಇಟ್ಟುಕೊಳ್ಳಬಹುದು. ಭಾರತ–ಶ್ರೀಲಂಕಾ ಒಪ್ಪಂದಕ್ಕೆ 1998ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು, 2000ದ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ದಕ್ಷಿಣ ಏಷ್ಯಾ ಒಪ್ಪಂದ 2006ರಿಂದ, ಆಸಿಯಾನ್ ಸರಕು ಒಪ್ಪಂದ 2010ರಿಂದ ನಡೆಯುತ್ತಿವೆ. ಆಸಿಯಾನ್ ಮಾತುಕತೆಯಲ್ಲಿ ಕಾಫಿ, ಚಹಾ, ಮೆಣಸು ಮತ್ತು ತಾಳೆ ಎಣ್ಣೆಯನ್ನು ‘ವಿಶೇಷ ಸರಕು’ಗಳ ಪಟ್ಟಿಗೆ ಸೇರಿಸಿ, ಸುಂಕವನ್ನು ಸೊನ್ನೆಗೆ ಇಳಿಸದೆ 2019ರ ಕೊನೆಯ ಹೊತ್ತಿಗೆ ಕಾಫಿಗೆ ಶೇ 45, ಮೆಣಸಿಗೆ ಶೇ 50ಕ್ಕೆ ನಿಲ್ಲಿಸಲಾಯಿತು. ಅಂದಿನ ಚರ್ಚೆಯಲ್ಲಿ ಎಲ್ಲರ ಕಣ್ಣು ಈ ಪಟ್ಟಿಯ ಮೇಲಿತ್ತು. ಹತ್ತು ವರ್ಷ ಹಿಂದೆಯೇ ತೆರೆದಿದ್ದ ಲಂಕಾದ ಬಾಗಿಲು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ.

ಇದರಲ್ಲಿ ರಾಜ್ಯ ಸರ್ಕಾರದ ಪಾತ್ರ ಸೊನ್ನೆ. ಕೃಷಿ ರಾಜ್ಯಪಟ್ಟಿಯಲ್ಲಿದೆ ನಿಜ. ಆದರೆ ವಿದೇಶಿ ವ್ಯಾಪಾರ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 41ನೇ ನಮೂದು, ಕಸ್ಟಮ್ಸ್ ಸುಂಕ 83ನೇ ನಮೂದು. ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಆಮದಿನ ನೀತಿಯನ್ನು ವಾಣಿಜ್ಯ ಸಚಿವಾಲಯದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ 1992ರ ಕಾಯ್ದೆಯಡಿ ಒಂದು ಅಧಿಸೂಚನೆಯಲ್ಲಿ ಬದಲಿಸಬಹುದು. ಬಂದರಿನಲ್ಲಿ ಅದನ್ನು ಜಾರಿ ಮಾಡುವ ಕಸ್ಟಮ್ಸ್ ಇರುವುದು ಹಣಕಾಸು ಸಚಿವಾಲಯದ ಅಡಿಯಲ್ಲಿ. ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗೆ ಕೊಡುವ ಮನವಿಪತ್ರ ಈ ಎರಡು ಸಚಿವಾಲಯಗಳ ಯಾವ ವಿಭಾಗಕ್ಕೆ ಹೋಗಬೇಕು ಎಂಬುದು ತಲೆಬರಹದಲ್ಲೇ ಇರದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ.

500 ರೂಪಾಯಿಯ ಗೋಡೆ

2016ರ ಸುಮಾರಿಗೆ ಕಿಲೋಗೆ 700 ರೂಪಾಯಿ ದಾಟಿದ್ದ ಮೆಣಸು ಮುಂದಿನ ಎರಡು ವರ್ಷಗಳಲ್ಲಿ ನೆಲಕಚ್ಚಿತು. ವಿಯೆಟ್ನಾಂ ಮೆಣಸನ್ನು ಸ್ಥಳೀಯ ಮೆಣಸಿನ ಜೊತೆ ಬೆರೆಸಿ ಮಾರಲಾಗುತ್ತಿದೆ ಎಂಬ ಆರೋಪ ಕೊಡಗಿನಲ್ಲಿ ದೊಡ್ಡ ಗಲಾಟೆಯಾಯಿತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಮೂರೂ ಸೇರಿದ ಮೌಲ್ಯ 500ಕ್ಕಿಂತ ಕಡಿಮೆಯಿದ್ದರೆ ಆಮದಿಲ್ಲ. 2018ರ ಮಾರ್ಚ್‌ನಲ್ಲಿ ಇದನ್ನು ಬಿಗಿಗೊಳಿಸಿ, 500ಕ್ಕಿಂತ ಕಡಿಮೆ ಮೌಲ್ಯದ ಮೆಣಸನ್ನು ‘ನಿಷೇಧಿತ’ ಸರಕು ಎಂದೇ ಘೋಷಿಸಿತು.

‘ನಿಷೇಧಿತ’ ಎಂಬ ಪದಕ್ಕೆ ಇಲ್ಲಿ ತೂಕವಿದೆ. ಕಸ್ಟಮ್ಸ್ ಕಾಯ್ದೆಯ 125ನೇ ಕಲಂ ಪ್ರಕಾರ, ಮುಟ್ಟುಗೋಲು ಹಾಕಿದ ಸಾಮಾನ್ಯ ಸರಕನ್ನು ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನು ಅಧಿಕಾರಿ ಕೊಡಲೇಬೇಕು. ನಿಷೇಧಿತ ಸರಕಾದರೆ ಕೊಡುವುದು, ಬಿಡುವುದು ಅವರ ವಿವೇಚನೆ. ದಂಡವನ್ನೂ ಖರ್ಚಿನ ಬಾಬ್ತಿಗೆ ಸೇರಿಸಿ ಲಾಭ ನೋಡುವ ಆಮದುದಾರರಿಗೆ ಆ ದಾರಿ ಮುಚ್ಚಿದ್ದು ಹೀಗೆ.

ಆದರೆ ಗೋಡೆ ಕಟ್ಟಿದ ಮೇಲೆ ಹೊಸ ಕಸುಬು ಹುಟ್ಟಿಕೊಂಡಿತು. ಲೆಕ್ಕ ಸುಲಭ. ಹೊರದೇಶದಲ್ಲಿ ಮೆಣಸಿನ ನಿಜವಾದ ಬೆಲೆ ಕಿಲೋಗೆ 300 ರೂಪಾಯಿ ಎಂದುಕೊಳ್ಳಿ. ಬಿಲ್‌ನಲ್ಲಿ 500 ಎಂದು ಬರೆಸಿದರೆ ಗೋಡೆ ದಾಟಿಬಿಡಬಹುದು. ಲಂಕಾದ ಪ್ರಮಾಣಪತ್ರವಿದ್ದರೆ ಸುಂಕ 500ರ ಮೇಲೆ ಶೇ 8, ಅಂದರೆ 40 ರೂಪಾಯಿ. ಬ್ಯಾಂಕ್ ಮೂಲಕ ಕಳಿಸಿದ 500ರಲ್ಲಿ 200 ರೂಪಾಯಿ ಹವಾಲಾದಲ್ಲಿ ವಾಪಸು. ಕೈಗೆ ಬಂದಾಗ ಖರ್ಚು 340. ಕೊಡಗಿನ ದರ 400 ಇದ್ದರೂ ಲಾಭವೇ. ನಿಯಮದಂತೆ ನಿಜವಾಗಿ 500 ಕೊಟ್ಟು ತಂದವನಿಗೆ ಮಾತ್ರ 540 ಬಿದ್ದು ನಷ್ಟ. ಸುಂಕ ಹೆಚ್ಚಿರುವ ಸರಕಿಗೆ ಬಿಲ್‌ನಲ್ಲಿ ಬೆಲೆ ತಗ್ಗಿಸಿ ಬರೆಸುವುದು ವಾಡಿಕೆ, ಅದನ್ನು ಹಿಡಿಯಲೆಂದೇ 2007ರ ಮೌಲ್ಯಮಾಪನ ನಿಯಮಗಳಿವೆ, ಅಧಿಕಾರಿಗಳ ಕಣ್ಣೂ ಅದಕ್ಕೇ ಪಳಗಿದೆ. ಬೆಲೆ ಏರಿಸಿ ಬರೆಸಿದಾಗ ಸರ್ಕಾರಕ್ಕೆ ಸುಂಕ ಹೆಚ್ಚೇ ಬರುತ್ತದೆ. ಕೌಂಟರಿನಲ್ಲಿ ಕೂತವರಿಗೆ ಅನುಮಾನ ಬರುವ ಕಾರಣವೇ ಕಡಿಮೆ. ಹಣ ವಾಪಸಾದದ್ದನ್ನು ಪತ್ತೆ ಮಾಡಬೇಕಾದವರು ವಿದೇಶಿ ವಿನಿಮಯ ಕಾಯ್ದೆಯ ಕಡೆಯವರು, ಮೆಣಸಿನ ಮೂಟೆ ನೋಡುವವರಲ್ಲ.

ಇನ್ನೂ ಎರಡು ಕೊರತೆ. ರಫ್ತಿಗೆಂದೇ ಎಣ್ಣೆ, ಓಲಿಯೋರೆಸಿನ್ (ಮಸಾಲೆಯ ಗಾಢ ಸಾರ) ತೆಗೆಯುವವರಿಗೆ, ರಫ್ತು ವಲಯದ ಘಟಕಗಳಿಗೆ ಸುಂಕವಿಲ್ಲದೆ ಕಚ್ಚಾ ಮಾಲು ತರಿಸುವ ಸೌಲಭ್ಯವಿದೆ. ಇಂಥ ಮಾಲು ಒಳಪೇಟೆಗೆ ಸೋರಿದರೆ ಗೋಡೆ ಇದ್ದೂ ಇಲ್ಲದಂತೆ. ಹೀಗೆ ತಂದ ಮೆಣಸಿಗೆ ಎಷ್ಟು ಓಲಿಯೋರೆಸಿನ್ ರಫ್ತಾಯಿತು ಎಂಬ ಲೆಕ್ಕ ತಾಳೆಯಾಗಬೇಕು, ತಾಳೆ ನೋಡುವುದು ತಡವಾದಷ್ಟೂ ಸೋರಿಕೆ ಹೆಚ್ಚು. ಎರಡನೆಯದು, 500 ಎಂಬುದು ರೂಪಾಯಿಯಲ್ಲಿ ನಿಂತುಹೋದ ಅಂಕಿ. 2018ರಿಂದ ಈಚೆಗೆ ಕೂಲಿ, ಗೊಬ್ಬರ, ಡಾಲರ್ ಎಲ್ಲ ಏರಿದವು. 2024–25ರಲ್ಲಿ ಊರಿನ ದರವೇ 600 ದಾಟಿದ ಮೇಲೆ ಈ ಗೋಡೆ ತಡೆಯುವುದು ಏನನ್ನೂ ಅಲ್ಲ. ಮತ್ತೆ ದರ ಕುಸಿದ ದಿನ ಅದರ ಎತ್ತರ ಸಾಲದು.

ಕಾನೂನಿನ ನೆಲೆಯಲ್ಲೂ ಈ ಗೋಡೆ ಗಟ್ಟಿಯಲ್ಲ, ಇದನ್ನು ಬೆಳೆಗಾರ ಸಂಘಟನೆಗಳು ಮುಚ್ಚಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ 4.2ನೇ ಕಲಂ, ಸುಂಕವಾಗಿ ಪರಿವರ್ತಿಸಬೇಕಾಗಿದ್ದ ಕ್ರಮಗಳನ್ನು ಮತ್ತೆ ತರಬಾರದು ಎನ್ನುತ್ತದೆ. ಅದರ ಅಡಿಟಿಪ್ಪಣಿಯಲ್ಲಿ ‘ಕನಿಷ್ಠ ಆಮದು ಬೆಲೆ’ ಎಂದು ಹೆಸರು ಹಿಡಿದೇ ಬರೆದಿದೆ. ಇದೇ ಕಲಮಿನಡಿ 2002ರಲ್ಲಿ ಚಿಲಿ ದೇಶ ಅರ್ಜೆಂಟೀನಾದ ಎದುರು, 2015ರಲ್ಲಿ ಪೆರು ದೇಶ ಗ್ವಾಟೆಮಾಲಾದ ಎದುರು ಸೋತಿವೆ. ಸಂಸ್ಥೆ ತಾನಾಗಿ ಯಾರ ಮೇಲೂ ಪ್ರಕರಣ ಹೂಡುವುದಿಲ್ಲ, ಸದಸ್ಯ ದೇಶ ದೂರು ಕೊಡಬೇಕು. ಭಾರತದಂಥ ದೊಡ್ಡ ಗಿರಾಕಿಯ ಮೇಲೆ ಒಂದು ಮಸಾಲೆಗಾಗಿ ದೂರು ಕೊಡುವ ಉತ್ಸಾಹ ಯಾರಿಗೂ ಇರಲಾರದು. ಗೋಡೆ ನಿಂತಿರುವುದು ನ್ಯಾಯದ ಬಲಕ್ಕಿಂತ ಹೆಚ್ಚಾಗಿ ಈ ಲೆಕ್ಕಾಚಾರದ ಮೇಲೆ.

ಪ್ರಮಾಣಪತ್ರವನ್ನು ಪ್ರಶ್ನಿಸುವ ಕ್ರಮ

ಹಾಗಿದ್ದರೆ ಗಟ್ಟಿಯಾದ ಕ್ರಮ ಯಾವುದು? ಮೂಲದ ಪರಿಶೀಲನೆ. ಒಪ್ಪಂದದ ಸವಲತ್ತು ಸಿಗುವುದು ಆ ದೇಶದಲ್ಲೇ ಬೆಳೆದ ಮಾಲಿಗೆ ಅಥವಾ ಅಲ್ಲಿ ನಿಜವಾಗಿ ರೂಪಾಂತರಗೊಂಡ ಮಾಲಿಗೆ. ಮೆಣಸಿನಂಥ ಬೆಳೆ ಪೂರ್ತಿಯಾಗಿ ಅಲ್ಲೇ ಬೆಳೆದಿರಬೇಕು. ವಿಯೆಟ್ನಾಂ ಮೆಣಸನ್ನು ಕೊಲಂಬೋದಲ್ಲಿ ಇಳಿಸಿ, ಜರಡಿ ಹಿಡಿದು, ಒಣಗಿಸಿ, ಹೊಸ ಚೀಲಕ್ಕೆ ತುಂಬಿದರೆ ಅದು ಲಂಕಾದ ಮೆಣಸಾಗುವುದಿಲ್ಲ. ಪುಡಿ ಮಾಡಿದರೆ? ಸರಕುಗಳಿಗೆ ಜಗತ್ತಿನಾದ್ಯಂತ ಒಂದೇ ಸಂಕೇತ ಸಂಖ್ಯೆಯಿದೆ, ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಘಟನೆ ಅದನ್ನು ನೋಡಿಕೊಳ್ಳುತ್ತದೆ. ಇಡೀ ಕಾಳಿಗೆ 090411, ಪುಡಿಗೆ 090412. ಲಂಕಾ ಒಪ್ಪಂದದ ಪ್ರಕಾರ ಹೊರಗಿನ ಕಚ್ಚಾ ಮಾಲಿನ ಪಾಲು ಶೇ 65 ಮೀರಬಾರದು, ಜೊತೆಗೆ ಮೊದಲ ನಾಲ್ಕು ಅಂಕಿ ಬದಲಾಗಬೇಕು. ಕಾಳು ಪುಡಿಯಾದರೂ ಮೊದಲ ನಾಲ್ಕು ಅಂಕಿ 0904 ಆಗಿಯೇ ಉಳಿಯುವುದರಿಂದ ಪುಡಿಗೂ ಸವಲತ್ತು ಸಿಗದು.

ಪ್ರಮಾಣಪತ್ರ ಕೊಡುವವರು ರಫ್ತು ದೇಶದ ಅಧಿಕಾರಿಗಳು. ಬಹುಕಾಲ ನಮ್ಮ ಕಸ್ಟಮ್ಸ್ ಬಹುಮಟ್ಟಿಗೆ ಅದನ್ನೇ ನೆಚ್ಚಿಕೊಂಡಿತ್ತು. 2020ರ ಹಣಕಾಸು ಕಾಯ್ದೆ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಕಲಂ ಸೇರಿಸಿತು. ಅದರಡಿ ರೂಪಿಸಿದ ನಿಯಮಗಳು ಆ ವರ್ಷದ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿವೆ, ವ್ಯಾಪಾರಿ ವಲಯದಲ್ಲಿ ‘ಕರೋಟಾರ್’ ಎಂದೇ ಹೆಸರು. ಇದರ ಪ್ರಕಾರ ಪ್ರಮಾಣಪತ್ರವೊಂದೇ ಸಾಲದು, ಮಾಲು ಆ ದೇಶದ್ದೆಂದು ತೋರಿಸುವ ಹೊಣೆ ಆಮದುದಾರನದು. ನಮೂನೆ 1ರಲ್ಲಿ ಕೇಳಿರುವ ಮೂಲದ ಮಾಹಿತಿಯನ್ನು ಮೊದಲೇ ಪಡೆದುಕೊಂಡು, ಐದು ವರ್ಷ ಕಾಪಾಡಿರಬೇಕು. ಅಧಿಕಾರಿಗೆ ಸಂಶಯ ಬಂದರೆ ವಿವರ ಕೇಳಬಹುದು, ಹತ್ತು ಕೆಲಸದ ದಿನಗಳೊಳಗೆ ಕೊಡಬೇಕು. ತೃಪ್ತಿಯಾಗದಿದ್ದರೆ ರಫ್ತು ದೇಶಕ್ಕೇ ಪತ್ರ ಬರೆದು ವಿಚಾರಣೆ ಕೋರಬಹುದು. ಅಲ್ಲಿಯವರೆಗೆ ರಿಯಾಯಿತಿ ತಡೆಹಿಡಿದು, ಪೂರ್ತಿ ಸುಂಕಕ್ಕೂ ರಿಯಾಯಿತಿ ಸುಂಕಕ್ಕೂ ಇರುವ ವ್ಯತ್ಯಾಸದಷ್ಟು ಭದ್ರತೆ ಪಡೆದು ಮಾಲು ಬಿಡಬಹುದು.

ಇಲ್ಲೇ ಬೆಳೆಗಾರ ಸಂಘಟನೆಗಳಿಗೆ ನಿಜವಾದ ಕೆಲಸವಿದೆ. ‘ಕಳ್ಳಮಾಲು ಬರುತ್ತಿದೆ’ ಎಂಬ ಹೇಳಿಕೆಯ ಮೇಲೆ ಯಾವ ಅಧಿಕಾರಿಯೂ ವಿಚಾರಣೆ ಶುರುಮಾಡಲಾರ. ಯಾವ ತಿಂಗಳು, ಯಾವ ಬಂದರು, ಎಷ್ಟು ಟನ್, ಘೋಷಿತ ಬೆಲೆ ಎಷ್ಟು, ಅದೇ ತಿಂಗಳು ವಿಯೆಟ್ನಾಂನಿಂದ ಶ್ರೀಲಂಕಾಕ್ಕೆ ಹೋದ ಮೆಣಸು ಎಷ್ಟು, ಲಂಕಾದ ಒಟ್ಟು ಬೆಳೆಯೆಷ್ಟು, ಅದು ಭಾರತ ಬಿಟ್ಟು ಬೇರೆಡೆಗೆ ಕಳಿಸಿದ್ದೆಷ್ಟು ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಬೆಳೆದದ್ದಕ್ಕಿಂತ ಮಾರಿದ್ದು ಹೆಚ್ಚೋ ಅಲ್ಲವೋ ಗೊತ್ತಾಗುತ್ತದೆ. ಈ ಅಂಕಿಗಳು ಬಹುಪಾಲು ಸಾರ್ವಜನಿಕವಾಗಿಯೇ ಸಿಗುತ್ತವೆ.

ಹೊರದೇಶದವರು ಅನ್ಯಾಯವಾಗಿ ಅಗ್ಗದ ಬೆಲೆಗೆ ತಂದು ಸುರಿಯುವ ಮಾಲಿನ ಮೇಲೆ ಹಾಕುವ ಆಂಟಿ ಡಂಪಿಂಗ್ ಸುಂಕದ ಬೇಡಿಕೆಯೂ ಆಗಾಗ ಕೇಳಿಬರುತ್ತದೆ. ದೆಹಲಿಯ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಲು ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25ರಷ್ಟು ಪಾಲಿರುವವರ ಬೆಂಬಲ ಬೇಕು. ಬೆಳೆಯುವ ಖರ್ಚು, ಮಾರಿದ ಬೆಲೆ, ಆದ ನಷ್ಟ ಎಲ್ಲಕ್ಕೂ ದಾಖಲೆ ಬೇಕು. ಕಾರ್ಖಾನೆಗಳಿಗೆ ಇದು ಸುಲಭ. ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಹಬ್ಬಿಸಿದ ಬೆಳೆಗಾರ ಮೆಣಸಿನ ಖರ್ಚನ್ನು ಕಾಫಿಯ ಖರ್ಚಿನಿಂದ ಬೇರ್ಪಡಿಸಿ ಬರೆದಿಡುವುದು ಅಪರೂಪ. ಈ ದಾರಿ ಮೆಣಸಿಗೆ ಆಗಿಬರುವಂಥದ್ದಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಲಂಡನ್ ದರ, ಓಟಿ ದರ

ಕಾಫಿಯ ಕತೆ ತಿರುವುಮುರುವು. ಮೆಣಸಿನಲ್ಲಿ ಆಮದಿನ ಭಯವಾದರೆ ಕಾಫಿಯಲ್ಲಿ ಬದುಕೇ ರಫ್ತಿನ ಮೇಲೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ದೇಶದ ಬೆಳೆಯ ಮೂರನೇ ಒಂದರಷ್ಟು ಕೊಡಗೊಂದರದ್ದೇ. ಬೆಳೆದದ್ದರಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು.

ಒಂದು ಕಾಲಕ್ಕೆ ಕಾಫಿಯ ಪ್ರಮಾಣವನ್ನೂ ದೇಶಗಳೇ ಕೂತು ಹಂಚಿಕೊಳ್ಳುತ್ತಿದ್ದವು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶಕ್ಕೂ ರಫ್ತು ಕೋಟಾ ಗೊತ್ತುಮಾಡಿತ್ತು. 1989ರ ಜುಲೈನಲ್ಲಿ ಆ ಕೋಟಾ ಪದ್ಧತಿ ಮುರಿದುಬಿತ್ತು, ಜಗತ್ತಿನ ಬೆಲೆ ಪಾತಾಳಕ್ಕಿಳಿಯಿತು. ಭಾರತದ ಒಳಗೆ 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ) ಕೊಡಬೇಕಿತ್ತು. 1992ರಿಂದ ಹಂತಹಂತವಾಗಿ ಅದು ಸಡಿಲವಾಗಿ 1996ರಲ್ಲಿ ಪೂರ್ತಿ ಮುಕ್ತವಾಯಿತು. ಅಂದಿನಿಂದ ಅರೇಬಿಕಾ ಬೆಲೆಗೆ ನ್ಯೂಯಾರ್ಕ್, ರೊಬಸ್ಟಾ ಬೆಲೆಗೆ ಲಂಡನ್. ಸಂಜೆ ಅಲ್ಲಿ ಮುಗಿದ ವಹಿವಾಟು ನೋಡಿಕೊಂಡು ಬೆಳಿಗ್ಗೆ ಇಲ್ಲಿನ ವ್ಯಾಪಾರಿ ಚೆರಿಗೆ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿಗೆ) ಓಟಿ ದರ, ಅಂದರೆ ಚೀಲದಲ್ಲಿ ಸಿಗುವ ಬೇಳೆಯ ಪ್ರತಿ ಕಿಲೋ ಲೆಕ್ಕದ ದರ, ಹೇಳುತ್ತಾನೆ. ಲಂಡನ್‌ನಲ್ಲಿ ಟನ್‌ಗೆ 4,000 ಡಾಲರ್, ಡಾಲರ್‌ಗೆ 88 ರೂಪಾಯಿ ಎಂದುಕೊಂಡರೆ ಬೇಳೆಗೆ ಕಿಲೋಗೆ 352 ರೂಪಾಯಿ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೇಳೆ ಹಸನು ಮಾಡುವುದು), ಸಾಗಣೆ, ರಫ್ತುದಾರನ ಪಾಲು ಕಳೆದು 330 ಉಳಿಯಿತು ಎನ್ನೋಣ. 50 ಕಿಲೋ ಚೆರಿ ಚೀಲದಲ್ಲಿ 26 ಕಿಲೋ ಬೇಳೆ ಬಂದರೆ, ಅಂದರೆ 26 ಓಟಿ ಇದ್ದರೆ, ಚೀಲಕ್ಕೆ 8,580. ಒಂದು ಓಟಿ ಕಡಿಮೆಯಾದರೆ 330 ರೂಪಾಯಿ ಹೋಯಿತು. ನಿಯಮಗಳಿಂದ ಬರುವ ಪ್ರತಿ ಹೊಸ ಖರ್ಚೂ 352 ಮತ್ತು 330ರ ನಡುವಿನ ಆ ಜಾಗದಿಂದಲೇ ಕಳೆಯುತ್ತದೆ, ಲಂಡನ್ ದರಕ್ಕೆ ಅದು ಸೇರುವುದಿಲ್ಲ.

ಹಸಿ ಬೇಳೆಗೆ ಯುರೋಪಿನಲ್ಲಿ ಆಮದು ಸುಂಕವೇ ಇಲ್ಲ. ಹುರಿದ ಕಾಫಿಗೆ ಸಾಮಾನ್ಯ ದರ ಶೇ 7.5, ಇನ್‌ಸ್ಟಂಟ್ ಕಾಫಿಗೆ ಶೇ 9. ನೋಡಲು ಸಣ್ಣ ಅಂಕಿ. ಆದರೆ ಬೇಳೆಯನ್ನು ಹುರಿಯುವ ಲಾಭ ತಮ್ಮಲ್ಲೇ ಉಳಿಯಲಿ ಎಂಬ ಏರ್ಪಾಡು ಇದರೊಳಗೆ ಇದೆ. ‘ಮೌಲ್ಯವರ್ಧನೆ ಮಾಡಿ’ ಎಂದು ವೇದಿಕೆಗಳಲ್ಲಿ ಉಪದೇಶಿಸುವವರು ಈ ಏಣಿಯನ್ನೂ ಹೇಳಿದರೆ ಒಳ್ಳೆಯದಿತ್ತು.

ಸುಂಕವಿಲ್ಲದಿದ್ದರೂ ತಡೆ ಇದೆ, ಅದು ಗುಣಮಟ್ಟದ ರೂಪದಲ್ಲಿ. ಆಹಾರ ಸುರಕ್ಷತೆಯ ನಿಯಮ ಮಾಡುವಾಗ ವೈಜ್ಞಾನಿಕ ಆಧಾರ ಬೇಕು ಎನ್ನುತ್ತದೆ ವಿಶ್ವ ವ್ಯಾಪಾರ ಸಂಸ್ಥೆ, ಆಧಾರ ಕೊಟ್ಟರೆ ಕಟ್ಟುನಿಟ್ಟಾದ ಮಿತಿ ಇಡಬಹುದು. ಓಕ್ರಾಟಾಕ್ಸಿನ್ ಎಂಬ ಶಿಲೀಂಧ್ರ ವಿಷಕ್ಕೆ ಯುರೋಪು ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೊಗ್ರಾಂ ಇದ್ದ ಮಿತಿಯನ್ನು 2023ರ ಜನವರಿಯಿಂದ 3ಕ್ಕೆ, ಇನ್‌ಸ್ಟಂಟ್ ಕಾಫಿಯಲ್ಲಿ 10ರಿಂದ 5ಕ್ಕೆ ಇಳಿಸಿತು. ಈ ವಿಷ ಹುಟ್ಟುವುದು ಕಣದಲ್ಲಿ. ಜನವರಿಯಲ್ಲಿ ಅಕಾಲ ಮಳೆ ಬಿದ್ದು, ಚೆರಿ ದಪ್ಪ ಹಾಸಿನಲ್ಲಿ ಮಣ್ಣಿನ ನೆಲದ ಮೇಲೆ ನಿಧಾನವಾಗಿ ಒಣಗಿದರೆ ಶಿಲೀಂಧ್ರಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಸಿಮೆಂಟ್ ಕಣ, ತೆಳುವಾದ ಹಾಸು, ಗಂಟೆಗೊಮ್ಮೆ ಕೈಯಾಡಿಸುವುದು, ರಾತ್ರಿ ಹೊದಿಕೆ, ತೇವ ಶೇ 11ರ ಆಸುಪಾಸಿಗೆ ಬಂದ ಮೇಲೆ ಮಾತ್ರ ಚೀಲ: ಇದಿಷ್ಟೇ ಔಷಧ. ಒಮ್ಮೆ ವಿಷ ಸೇರಿದ ಬೇಳೆಯನ್ನು ಎಷ್ಟು ಪಾಲಿಶ್ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ.

ಕೊಡಗಿನ ನೆರಳು ಉಪಗ್ರಹಕ್ಕೆ ಕಾಡು

ಯುರೋಪಿನ ಅರಣ್ಯನಾಶ ತಡೆ ನಿಯಮ, ಸಂಖ್ಯೆ 2023/1115, ಇದಕ್ಕೆಲ್ಲ ಕಳಶ. ದನದ ಉತ್ಪನ್ನ, ಕೋಕೊ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ ಈ ಏಳಕ್ಕೆ ಅನ್ವಯ. ಮೆಣಸಿಗೆ ಇಲ್ಲ, ಹಾಗಾಗಿ ಒಂದೇ ತೋಟದ ಎರಡು ಬೆಳೆಗೆ ಎರಡು ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿನ ಪೇಟೆಗೆ ಬರಬಾರದು, ಬೆಳೆದ ದೇಶದ ಕಾನೂನನ್ನೂ ಮೀರಿರಬಾರದು. 2024ರ ಡಿಸೆಂಬರ್‌ನಲ್ಲಿ ಶುರುವಾಗಬೇಕಿದ್ದದ್ದು ಎರಡು ಬಾರಿ ಮುಂದೆ ಹೋಗಿ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30 ಎಂದಾಗಿದೆ. ಭಾರತವನ್ನು 2025ರ ಮೇನಲ್ಲಿ ‘ಕಡಿಮೆ ಅಪಾಯ’ದ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ಇದರಿಂದ ಅಪಾಯದ ವಿಶ್ಲೇಷಣೆಯ ಹೊರೆ, ತಪಾಸಣೆ ಕಡಿಮೆಯಾಗುತ್ತದೆ. ಜಾಗದ ಗುರುತು ಕೊಡುವುದು ತಪ್ಪುವುದಿಲ್ಲ.

ತುಂಡು ಜಮೀನು 4 ಹೆಕ್ಟೇರ್‌ವರೆಗೆ, ಅಂದರೆ ಹತ್ತು ಎಕರೆಗೆ ತುಸು ಕಡಿಮೆ ಇದ್ದರೆ ಒಂದು ಬಿಂದುವಿನ ಅಕ್ಷಾಂಶ, ರೇಖಾಂಶ ಸಾಕು. ಹೆಚ್ಚಿದ್ದರೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ದಶಮಾಂಶದ ನಂತರ ಆರು ಅಂಕಿ ಬೇಕು. ಎಡವುವುದು ಇಲ್ಲೇ. ಮೊಬೈಲ್‌ನಲ್ಲಿ ನಾಲ್ಕೇ ಅಂಕಿ ತೋರಿಸಿ, ಉಳಿದೆರಡಕ್ಕೆ ಸೊನ್ನೆ ತುಂಬುವವರಿದ್ದಾರೆ. ತೋಟದಲ್ಲಿ ನೆಟ್‌ವರ್ಕ್ ಇಲ್ಲವೆಂದು ಮನೆಯಂಗಳದಲ್ಲಿ ಬಿಂದು ತೆಗೆದರೆ ಕಾಫಿ ಬೆಳೆದದ್ದು ಅಂಗಳದಲ್ಲಿ ಎಂದಾಗುತ್ತದೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆಕಾಶ ಕಾಣಬೇಕು. ದಟ್ಟ ನೆರಳಿನಡಿ ಹತ್ತಾರು ಮೀಟರ್ ತಪ್ಪುವುದುಂಟು, ತೆರವಾದ ಕಡೆ ನಿಂತು ಎರಡು ನಿಮಿಷ ಬಿಟ್ಟು ತೆಗೆಯಬೇಕು. ಇನ್ನೊಂದು ತಪ್ಪು ಕಡತದಲ್ಲಿ ಆಗುತ್ತದೆ. ನಾವು ಅಕ್ಷಾಂಶ ಮೊದಲು ಹೇಳುತ್ತೇವೆ, ಯುರೋಪಿನ ವ್ಯವಸ್ಥೆಗೆ ಕೊಡುವ ಜಿಯೋಜೇಸನ್ ಎಂಬ ನಕ್ಷೆ ಕಡತದಲ್ಲಿ ರೇಖಾಂಶ ಮೊದಲು. ಅದಲುಬದಲಾದರೆ 12.4 ಉತ್ತರ, 75.7 ಪೂರ್ವದ ಮಡಿಕೇರಿ ತೋಟ ನಾರ್ವೆಗೂ ಉತ್ತರದ ಹಿಮಸಮುದ್ರದಲ್ಲಿ ತೇಲುತ್ತದೆ.

ಕೊಡಗಿಗೆ ಇನ್ನೂ ದೊಡ್ಡ ತೊಡಕು ನೆರಳಿನದು. ನಿಯಮದ ವ್ಯಾಖ್ಯೆಯಲ್ಲಿ, ಮರಗಳ ನೆರಳಿನಡಿ ಬೆಳೆ ತೆಗೆಯುವ ತೋಟ ಕೃಷಿಭೂಮಿಯೇ ಹೊರತು ಕಾಡಲ್ಲ. ಅದು ನಮಗೆ ಅನುಕೂಲ. ಆದರೆ ಪರಿಶೀಲನೆಗೆ ಬಳಸುವ ಉಪಗ್ರಹ ನಕ್ಷೆಗೆ ಕಾಣುವುದು ಮೇಲಿನ ಹಂದರ ಮಾತ್ರ. ನಂದಿ, ಬೀಟೆ, ಹಲಸಿನ ಅಡಿಯಲ್ಲಿರುವ ರೊಬಸ್ಟಾ ಅದಕ್ಕೆ ಕಾಡಿನಂತೆಯೇ ಕಾಣುತ್ತದೆ. 2020ರ ನಕ್ಷೆಯಲ್ಲಿ ಕಾಡು ಎಂದು ದಾಖಲಾದ ತೋಟದಲ್ಲಿ ಮುಂದೆ ಯಾವಾಗಲೋ ಜೋರಾಗಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿದರೆ, ಗಾಳಿಗೆ ಮರ ಉರುಳಿದರೆ, ಅದು ಅರಣ್ಯನಾಶದ ಚುಕ್ಕೆಯಾಗಿ ಮೂಡಬಹುದು. ನೆರಳನ್ನು ಉಳಿಸಿಕೊಂಡವನೇ ವಿವರಣೆ ಕೊಡಬೇಕಾಗಿ ಬರುವುದು, ಬಯಲಲ್ಲಿ ಬೆಳೆಯುವ ಬ್ರೆಜಿಲ್‌ನವನಿಗೆ ಆ ಪ್ರಶ್ನೆಯೇ ಏಳದಿರುವುದು ಈ ನಿಯಮದ ವಿಚಿತ್ರ. ಉತ್ತರ ಕಾಗದದಲ್ಲಿದೆ: ಪಹಣಿಯ ಬೆಳೆ ಕಾಲಂನಲ್ಲಿ 2020ಕ್ಕೂ ಮೊದಲಿನಿಂದ ಕಾಫಿ ನಮೂದಾಗಿರುವುದು, ಕಾಫಿ ಮಂಡಳಿಯ ನೋಂದಣಿ, ಮರ ಕಡಿದಿದ್ದರೆ ಅರಣ್ಯ ಇಲಾಖೆಯ ಅನುಮತಿ, ದಿನಾಂಕವಿರುವ ಫೋಟೊ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಒಕ್ಕಗಳಲ್ಲಿ, ಅಂದರೆ ಕೊಡವ ಕೂಡುಕುಟುಂಬಗಳಲ್ಲಿ, ಪಹಣಿ ಹಿರಿಯರಾದ ಪಟ್ಟೇದಾರರ ಹೆಸರಲ್ಲಿರುತ್ತದೆ, ಉಳುವವರು ಬೇರೆ. ನಿಯಮ ಕೇಳುವುದು ಭೂಬಳಕೆಯ ಹಕ್ಕಿಗೆ ಆಧಾರವನ್ನು. ಒಕ್ಕದೊಳಗಿನ ಪಾಲಿನ ಬಗ್ಗೆ ಲಿಖಿತ ಒಪ್ಪಿಗೆ ಈಗಲೇ ಮಾಡಿಟ್ಟುಕೊಂಡರೆ ಮುಂದೆ ತಂಟೆ ಕಡಿಮೆ.

ಎಲ್ಲಕ್ಕಿಂತ ಬಿಗಿಯಾದದ್ದು ಬೆರಕೆಯ ವಿಷಯ. ಮೂಲ ಗೊತ್ತಿಲ್ಲದ ಕಾಫಿ ಒಂದಿಷ್ಟು ಸೇರಿದರೂ ಇಡೀ ಲಾಟ್ ಅನರ್ಹ. ಇಷ್ಟು ಶೇಕಡಾ ಸರಿಯಿದ್ದರೆ ನಡೆಯುತ್ತದೆ ಎಂಬ ಲೆಕ್ಕ ಇಲ್ಲಿಲ್ಲ. ಊರಿನ ವ್ಯಾಪಾರಿ ಇಪ್ಪತ್ತು ಮನೆಗಳ ಚೆರಿ ಕೊಂಡು ಒಂದೇ ಕಣದಲ್ಲಿ ಒಣಗಿಸುವ ಪದ್ಧತಿಯಲ್ಲಿ ಇಪ್ಪತ್ತೂ ಮನೆಗಳ ಬಿಂದು ಬೇಕು. ಒಂದು ಮನೆಯದು ತಪ್ಪಿದರೆ ಹತ್ತೊಂಬತ್ತು ಮನೆಗಳ ಮಾಲೂ ಯುರೋಪಿಗೆ ಇಲ್ಲ. ಕುಶಾಲನಗರ, ಹುಣಸೂರಿನ ಕ್ಯೂರಿಂಗ್ ವರ್ಕ್ಸ್‌ಗಳು ಗುರುತಿರುವ ಮಾಲಿಗೆ ಬೇರೆ ಗೋದಾಮು ಸಾಲು, ಬೇರೆ ಲಾಟ್ ಸಂಖ್ಯೆ ಇಡಬೇಕಾಗುತ್ತದೆ. ಗುರುತಿಲ್ಲದ ಚೆರಿಗೆ ಓಟಿಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆ ಎಂಬ ಎರಡು ದರದ ಪದ್ಧತಿ ಬಂದರೆ ಆಶ್ಚರ್ಯವಿಲ್ಲ.

ದೂರು ಕೊಟ್ಟರೆ ಕೇಳುವವರು ಯಾರು?

ಇಂಥ ನಿಯಮ ಅನ್ಯಾಯವೆನಿಸಿದರೆ ಜಿನೀವಾಕ್ಕೆ ಹೋಗಬಹುದು, ಕಾಗದದ ಮೇಲೆ. ಅರುವತ್ತು ದಿನ ಸಮಾಲೋಚನೆ, ನಂತರ ತೀರ್ಪು ಮಂಡಳಿ, ಆಮೇಲೆ ಮೇಲ್ಮನವಿ. ಮೇಲ್ಮನವಿ ಮಂಡಳಿಯಲ್ಲಿ ಏಳು ಸದಸ್ಯರು, ಒಂದು ಪ್ರಕರಣಕ್ಕೆ ಮೂವರು ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್ 11ರಿಂದ ಅದು ಕೆಲಸ ನಿಲ್ಲಿಸಿದೆ. ಸೋತವರು ಈಗ ಇಲ್ಲದ ಮಂಡಳಿಗೆ ಮೇಲ್ಮನವಿ ಹಾಕಿ ಕೂರಬಹುದು, ತೀರ್ಪು ಜಾರಿಯಾಗುವುದಿಲ್ಲ. ಬೇರೆಯವರನ್ನಷ್ಟೇ ದೂರುವಂತಿಲ್ಲ. ಸಕ್ಕರೆ ಸಬ್ಸಿಡಿ ಪ್ರಕರಣದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಗೆದ್ದಾಗ ಭಾರತ ಮಾಡಿದ್ದೂ ಇದನ್ನೇ.

ನ್ಯಾಯಾಲಯ ಇಲ್ಲದಾಗ ಏನಾಗುತ್ತದೆ ಎಂಬುದು 2025ರಲ್ಲಿ ಕಂಡಿತು. ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿತು, ಬ್ರೆಜಿಲ್‌ನ ಕಾಫಿಗೂ ಶೇ 50 ಬಿತ್ತು. ತಾನೇ ಬರೆದುಕೊಟ್ಟ ಗರಿಷ್ಠ ಮಿತಿಯನ್ನೂ ಎಲ್ಲರಿಗೂ ಒಂದೇ ದರ ಎಂಬ ನಿಯಮವನ್ನೂ ಅಮೆರಿಕ ಬದಿಗಿಟ್ಟಿತು. ನವೆಂಬರ್‌ನಲ್ಲಿ ಕಾಫಿ, ಚಹಾ, ಮಸಾಲೆಗಳನ್ನು ‘ಪ್ರತಿಸುಂಕ’ ಎಂದು ಕರೆದ ಈ ಹೆಚ್ಚುವರಿ ಸುಂಕದಿಂದ ಹೊರಗಿಟ್ಟದ್ದು ಯಾವ ತೀರ್ಪಿನಿಂದಲೂ ಅಲ್ಲ. ಹವಾಯಿ, ಪೋರ್ಟೊರಿಕೊ ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಷ್ಟು ಕಾಫಿ ಬೆಳೆಯುವುದಿಲ್ಲ, ಅಂಗಡಿಯಲ್ಲಿ ಕಾಫಿಪುಡಿಯ ಬೆಲೆ ಏರಿ ಗ್ರಾಹಕರು ಗೊಣಗಿದರು.

ಇಷ್ಟಾದರೂ ಜಿನೀವಾದ ಒಂದು ಕೆಲಸ ಸದ್ದಿಲ್ಲದೆ ನಡೆಯುತ್ತಿದೆ, ಬೆಳೆಗಾರ ಸಂಘಟನೆಗಳು ಅದನ್ನು ಬಳಸಿದ್ದು ಕಡಿಮೆ. ಯಾವುದೇ ದೇಶ ಕೀಟನಾಶಕದ ಉಳಿಕೆಗೋ ಶಿಲೀಂಧ್ರ ವಿಷಕ್ಕೋ ಹೊಸ ಮಿತಿ ತರುವ ಮೊದಲು ಕರಡನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಬೇಕು, ಆಕ್ಷೇಪಕ್ಕೆ ಸಾಮಾನ್ಯವಾಗಿ 60 ದಿನ ಬಿಡಬೇಕು. ಆಕ್ಷೇಪ ಹೋಗಬೇಕಾದ್ದು ಭಾರತ ಸರ್ಕಾರದ ಮೂಲಕ, ಕಾಫಿ ಮಂಡಳಿ ಅಥವಾ ಸಾಂಬಾರ ಮಂಡಳಿಗೆ ಬರೆದರೆ ಅದು ಅಲ್ಲಿಗೆ ಸೇರುತ್ತದೆ. ‘ನಮ್ಮ ಮಳೆಯಲ್ಲಿ ಈ ಔಷಧ ಸಿಂಪಡಿಸಿ ಇಷ್ಟು ದಿನಕ್ಕೆ ಕೊಯ್ದರೆ ಉಳಿಕೆ ಇಷ್ಟು’ ಎಂಬ ಪ್ರಯೋಗಾಲಯದ ವರದಿ ಜೊತೆಗಿದ್ದರೆ ಅದಕ್ಕೆ ಬೆಲೆ, ಬರೀ ಮನವಿಗೆ ಇಲ್ಲ. ಕರಡು ಬಂದದ್ದು ಗೊತ್ತಾಗಲು ಇ-ಪಿಂಗ್ ಎಂಬ ಉಚಿತ ಜಾಲತಾಣವಿದೆ. ಒಮ್ಮೆ ನೋಂದಾಯಿಸಿ ಕಾಫಿಗೆ 0901, ಮೆಣಸಿಗೆ 0904 ಎಂದು ಆರಿಸಿಕೊಂಡರೆ, ಯಾವ ದೇಶ ಯಾವ ಮಿತಿ ಬದಲಿಸಲು ಹೊರಟಿದೆ ಎಂಬುದು ಮಿಂಚಂಚೆಗೆ ಬಂದು ಬೀಳುತ್ತದೆ.